ಪಂದ್ಯ ಮುಗಿದ ಮೇಲೆ ಊಹೆಯ ಲೆಕ್ಕ

2022ರ ಆಗಸ್ಟ್ 20ರ ರಾತ್ರಿ ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ ಮಿಕ್ಸೆಡ್ ಮಾರ್ಷಲ್ ಆರ್ಟ್ಸ್ ಸಂಸ್ಥೆಯಾದ ಯುಎಫ್‌ಸಿಯ ವೆಲ್ಟರ್‌ವೇಟ್ ಪಟ್ಟಕ್ಕಾಗಿ ಕಮಾರು ಉಸ್ಮಾನ್ ಮತ್ತು ಲಿಯಾನ್ ಎಡ್ವರ್ಡ್ಸ್ ಸೆಣಸಿದರು. ಐದೈದು ನಿಮಿಷದ ಐದು ಸುತ್ತಿನ ಪಂದ್ಯ. ನಾಲ್ಕು ಸುತ್ತು ಮುಗಿದಾಗ ಮೂವರು ತೀರ್ಪುಗಾರರ ಪಟ್ಟಿಯಲ್ಲೂ ಚಾಂಪಿಯನ್ ಉಸ್ಮಾನ್ 39–37ರಿಂದ ಮುಂದಿದ್ದರು. ಕೊನೆಯ ಸುತ್ತಿನಲ್ಲಿ ಇನ್ನು 56 ಸೆಕೆಂಡು ಉಳಿದಿದೆ ಎನ್ನುವಾಗ ಎಡ್ವರ್ಡ್ಸ್ ಬೀಸಿದ ಎಡಗಾಲು ತಲೆಗೆ ಬಿತ್ತು. ಉಸ್ಮಾನ್ ನಿಂತಲ್ಲೇ ಕುಸಿದರು. ‘ಉಸ್ಮಾನ್ ಅಂಕಗಳ ಮೇಲೆ ಗೆಲ್ಲುತ್ತಾರೆ’ ಎಂದು ಬರೆದಿಟ್ಟಿದ್ದವರ ಊಹೆ 24 ನಿಮಿಷ ಹಳಿಯ ಮೇಲೇ ಇತ್ತು, ಆಮೇಲೆ ತಪ್ಪಾಯಿತು. ‘ಎಡ್ವರ್ಡ್ಸ್’ ಎಂದು ಬರೆದಿದ್ದವರದು ಸರಿಯಾಯಿತು. ಹಾಗಾದರೆ ಇವರಿಬ್ಬರಲ್ಲಿ ಆಟವನ್ನು ಚೆನ್ನಾಗಿ ಅರಿತವರು ಯಾರು?

ಮಿಕ್ಸೆಡ್ ಮಾರ್ಷಲ್ ಆರ್ಟ್ಸ್ ನೋಡುವವರಲ್ಲಿ ಬಹಳ ಮಂದಿ ಪಂದ್ಯಕ್ಕೆ ಮುಂಚೆ ಯಾರು ಗೆಲ್ಲುತ್ತಾರೆಂದು ಊಹಿಸುತ್ತಾರೆ. ನಮ್ಮ ಭಾನುವಾರ ಬೆಳಿಗ್ಗೆ ಕಾರ್ಡ್, ಅಂದರೆ ಆ ದಿನದ ಪಂದ್ಯಗಳ ಪಟ್ಟಿ, ಮುಗಿದೊಡನೆ ‘ಹನ್ನೆರಡರಲ್ಲಿ ಎಂಟು ಸರಿ’ ಎಂದು ಎಣಿಸಿ ಸುಮ್ಮನಾಗುತ್ತಾರೆ. ಆ ಎಣಿಕೆಯಿಂದ ತಿಳಿಯುವುದು ಬಹಳ ಕಡಿಮೆ. ಒಂದು ಊಹೆಯೊಳಗೆ ಮೂರು ಮಾತು ಇರುತ್ತವೆ: ಯಾರು ಗೆಲ್ಲುತ್ತಾರೆ, ಅದನ್ನು ಎಷ್ಟು ಭರವಸೆಯಿಂದ ಹೇಳುತ್ತಿದ್ದೇವೆ, ಯಾವ ಕಾರಣಕ್ಕೆ ಹೇಳುತ್ತಿದ್ದೇವೆ. ಫಲಿತಾಂಶ ಮೊದಲನೆಯದಕ್ಕೆ ಮಾತ್ರ ನೇರ ಉತ್ತರ ಕೊಡುತ್ತದೆ. ಉಳಿದೆರಡನ್ನು ನಾವೇ ಒರೆಗೆ ಹಚ್ಚಿ ನೋಡಬೇಕು. ಈ ಆಟ ನಿಜವಾಗಿ ಅರ್ಥವಾಗತೊಡಗುವುದು ಆ ಎರಡರ ಲೆಕ್ಕ ಇಡಲು ಶುರುಮಾಡಿದ ಮೇಲೆಯೇ ಎಂದು ನಾನು ಬಲವಾಗಿ ನಂಬಿದ್ದೇನೆ.

ಹಣ ಕಟ್ಟುವ ವಿಚಾರ ಇಲ್ಲಿಲ್ಲ. ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾಯ್ದೆಯ ಮೂಲಕವೇ ನಿಷೇಧಿಸಿದೆ. ಕಾನೂನು ಹಾಗಿರಲಿ, ಹಣ ಬಂದ ಕಡೆ ಮನಸ್ಸು ಗೆದ್ದದ್ದನ್ನೂ ಸೋತದ್ದನ್ನೂ ರೂಪಾಯಿಯಲ್ಲೇ ಅಳೆಯುತ್ತದೆ, ಆಟದ ವಿಚಾರ ಹಿಂದೆ ಬೀಳುತ್ತದೆ. ಈ ಕೆಲಸಕ್ಕೆ ಒಂದು ನೋಟ್‌ಬುಕ್ಕು, ಒಂದು ಪೆನ್ನು, ಒಂದು ಪೆನ್ಸಿಲ್ಲು, ಕೂಡಿ ಕಳೆಯಲು ಮೊಬೈಲಿನ ಕ್ಯಾಲ್ಕುಲೇಟರ್ ಇದ್ದರೆ ಸಾಕು.

ಬರೆದಿಟ್ಟದ್ದಷ್ಟೇ ಲೆಕ್ಕಕ್ಕೆ

ಊಹೆಯನ್ನು ಪಂದ್ಯಕ್ಕೆ ಮೊದಲೇ ಬರೆದಿಡಬೇಕು, ಇದರಲ್ಲಿ ರಿಯಾಯಿತಿ ಇಲ್ಲ. ಬಾಯಲ್ಲಿ ಹೇಳಿದ್ದು, ಮನಸ್ಸಿನಲ್ಲಿ ಅಂದುಕೊಂಡಿದ್ದು ಲೆಕ್ಕಕ್ಕೆ ಬರುವುದಿಲ್ಲ, ಏಕೆಂದರೆ ಫಲಿತಾಂಶ ಗೊತ್ತಾದ ಕೂಡಲೇ ನೆನಪು ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ. ಮನಶ್ಶಾಸ್ತ್ರಜ್ಞರಾದ ಬರೂಕ್ ಫಿಶಾಫ್ ಮತ್ತು ರೂತ್ ಬೇಯ್ತ್ ಇದನ್ನು ಪರೀಕ್ಷೆ ಮಾಡಿಯೇ ತೋರಿಸಿದರು. 1972ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಚೀನಾಕ್ಕೂ ಸೋವಿಯತ್ ಒಕ್ಕೂಟಕ್ಕೂ ಹೊರಟಿದ್ದಾಗ, ಆ ಭೇಟಿಗಳಲ್ಲಿ ಏನೇನು ನಡೆಯಬಹುದು, ಪ್ರತಿಯೊಂದಕ್ಕೂ ಎಷ್ಟು ಸಾಧ್ಯತೆ ಇದೆ ಎಂದು ಜನರನ್ನು ಕೇಳಿ ಬರೆಸಿಕೊಂಡರು. ಭೇಟಿ ಮುಗಿದ ಮೇಲೆ, ಮೊದಲು ಏನು ಬರೆದಿದ್ದಿರಿ ನೆನಪಿಸಿಕೊಳ್ಳಿ ಎಂದರು. ನಡೆದುಹೋದ ಸಂಗತಿಗಳಿಗೆ ತಾವು ಮೊದಲೇ ಹೆಚ್ಚು ಸಾಧ್ಯತೆ ಕೊಟ್ಟಿದ್ದೆವೆಂದು ಜನ ನೆನಪಿಸಿಕೊಂಡರು. ಆ ಅಧ್ಯಯನ 1975ರಲ್ಲಿ ಪ್ರಕಟವಾಯಿತು. ಅವರಲ್ಲಿ ಯಾರಿಗೂ ಸುಳ್ಳು ಹೇಳುವ ಉದ್ದೇಶವಿರಲಿಲ್ಲ. ಗೆದ್ದೆತ್ತಿನ ಬಾಲ ಹಿಡಿಯುವುದನ್ನು ನಾವು ಅವಕಾಶವಾದ ಎನ್ನುತ್ತೇವೆ. ಆದರೆ ನಮ್ಮ ನೆನಪು ನಮಗೇ ತಿಳಿಯದಂತೆ ಆ ಬಾಲ ಹಿಡಿದಿರುತ್ತದೆ.

ಬರೆಯುವ ಹೊತ್ತು ಯಾವುದು? ಲಾಸ್ ವೇಗಸ್‌ನಲ್ಲಿ ಶನಿವಾರ ಪಂದ್ಯಗಳಿದ್ದರೆ ತೂಕ ನೋಡುವುದು ಅಲ್ಲಿಯ ಶುಕ್ರವಾರ ಬೆಳಿಗ್ಗೆ, ಅಂದರೆ ನಮ್ಮ ಶುಕ್ರವಾರ ರಾತ್ರಿ. ಶನಿವಾರವಿಡೀ ನಮ್ಮ ಕೈಯಲ್ಲಿರುತ್ತದೆ. ತೂಕದ ಸುದ್ದಿ ಬಂದ ಮೇಲೆ, ಮೊದಲ ಪಂದ್ಯದ ಗಂಟೆಗೆ ಮುಂಚೆ ಬರೆದು, ದಿನಾಂಕ ಮತ್ತು ಹೊತ್ತು ಹಾಕಿ ಮುಗಿಸಿಬಿಡಬೇಕು. ಕೊನೆಯ ಗಳಿಗೆಯಲ್ಲಿ ಎದುರಾಳಿ ಬದಲಾದರೆ ಹಳೆಯ ಊಹೆಗೆ ಅಡ್ಡಗೀಟು ಹಾಕಿ ಕೆಳಗೆ ಹೊಸದನ್ನು ಬರೆಯಿರಿ. ಹಳೆಯದನ್ನು ಅಳಿಸಬೇಡಿ.

ತೂಕ ತಪ್ಪಿದವರ ವಿಷಯದಲ್ಲಿ ಒಂದು ಎಚ್ಚರ. ಪಟ್ಟದ ಪಂದ್ಯವಲ್ಲದಿದ್ದರೆ ಒಂದು ಪೌಂಡಿನ ರಿಯಾಯಿತಿ ಇರುತ್ತದೆ, ಪಟ್ಟದ ಪಂದ್ಯಕ್ಕೆ ಅದೂ ಇಲ್ಲ. 2022ರ ಮೇ ತಿಂಗಳಲ್ಲಿ ಫೀನಿಕ್ಸ್‌ನಲ್ಲಿ ಲೈಟ್‌ವೇಟ್ ಚಾಂಪಿಯನ್ ಚಾರ್ಲ್ಸ್ ಒಲಿವೇರಾ 155 ಪೌಂಡಿನ ಮಿತಿಯನ್ನು ಅರ್ಧ ಪೌಂಡಿನಷ್ಟು ಮೀರಿದರು. ಪಟ್ಟ ಹೋಯಿತು. ಮರುದಿನ ಅದೇ ಒಲಿವೇರಾ ಮೊದಲ ಸುತ್ತಿನಲ್ಲೇ ಜಸ್ಟಿನ್ ಗೇಚಿಯ ಕತ್ತು ಬಿಗಿದು ಗೆದ್ದರು. ತೂಕ ತಪ್ಪಿತೆಂದು ಗಾಬರಿಬಿದ್ದು ಊಹೆ ತಿರುಗಿಸಿದ್ದವರು, ತಿರುಗಿಸಿದ್ದನ್ನೂ ಅದರ ಕಾರಣವನ್ನೂ ಬರೆದಿಟ್ಟಿದ್ದರೆ, ಆ ಸುದ್ದಿಗೆ ಎಷ್ಟು ಬೆಲೆ ಕೊಡಬೇಕೆಂಬ ಪಾಠವಾದರೂ ಅವರಿಗೆ ದಕ್ಕುತ್ತಿತ್ತು.

ಪ್ರತಿ ಪಂದ್ಯಕ್ಕೆ ನಾಲ್ಕು ಸಾಲು ಸಾಕು. ಗೆಲ್ಲುವವರ ಹೆಸರು ಮತ್ತು ಶೇಕಡಾವಾರು ಭರವಸೆ ಒಂದು ಸಾಲಿನಲ್ಲಿ. ಗೆಲುವಿನ ಬಗೆ ಇನ್ನೊಂದರಲ್ಲಿ: ನಾಕೌಟೋ, ಪಟ್ಟು ಹಾಕಿ ಶರಣಾಗಿಸುವ ಸಬ್ಮಿಷನ್ನೋ, ತೀರ್ಪುಗಾರರ ನಿರ್ಧಾರವೋ. ಮೂರನೆಯದರಲ್ಲಿ ಕಾರಣ. ನಾಲ್ಕನೆಯದು ಎಲ್ಲಕ್ಕಿಂತ ಬೆಲೆಯುಳ್ಳದ್ದು: ನಾನು ಸೋತರೆ ಯಾವ ದಾರಿಯಿಂದ ಸೋಲುತ್ತೇನೆ. ಕಾರಣವನ್ನು ಕಣ್ಣಿಗೆ ಕಾಣುವಂತೆ ಬರೆಯಬೇಕು. ‘ಇವರೇ ಉತ್ತಮ ಫೈಟರ್’ ಎಂದು ಬರೆದರೆ ಅದನ್ನು ಯಾವ ಪಂದ್ಯವೂ ಪರೀಕ್ಷಿಸಲಾರದು. ‘ಮೊದಲೆರಡು ಸುತ್ತಿನಲ್ಲಿ ಕನಿಷ್ಠ ಮೂರು ಸಲ ಎದುರಾಳಿಯನ್ನು ಕೆಡವುತ್ತಾರೆ, ಅಖಾಡದ ಸುತ್ತಲಿನ ಬಲೆಗೆ ಒತ್ತಿ ದಣಿಸುತ್ತಾರೆ’ ಎಂದು ಬರೆದರೆ ಪಂದ್ಯವೇ ಹೌದು-ಅಲ್ಲ ಎನ್ನುತ್ತದೆ.

ಭರವಸೆಗೂ ಅಂಕ

ಗ್ಲೆನ್ ಬ್ರಯರ್ ಅಮೆರಿಕದ ಹವಾಮಾನ ಇಲಾಖೆಯಲ್ಲಿದ್ದ ವಿಜ್ಞಾನಿ. ‘ನಾಳೆ ಮಳೆ ಬರುವ ಸಾಧ್ಯತೆ ಶೇ. 70’ ಎಂಬಂಥ ಮುನ್ಸೂಚನೆಯನ್ನು ಸರಿ-ತಪ್ಪು ಎಂದು ಅಳೆಯುವುದು ಹೇಗೆ ಎಂಬ ಪ್ರಶ್ನೆಗೆ ಅವರು 1950ರಲ್ಲಿ ಒಂದು ಸೂತ್ರ ಕೊಟ್ಟರು. ಮುನ್ಸೂಚನೆಯ ಗುಣ ಅಳೆಯುವ ಕಡೆಯಲ್ಲೆಲ್ಲ ಇಂದಿಗೂ ಅದು ಬಳಕೆಯಲ್ಲಿದೆ. ಪಂದ್ಯದ ಊಹೆಗೂ ಅದು ಚೆನ್ನಾಗಿ ಒಗ್ಗುತ್ತದೆ.

ಲೆಕ್ಕ ಸುಲಭ. ನೀವು ಆರಿಸಿದವರು ಗೆದ್ದರೆ ಫಲಿತಾಂಶ 1, ಸೋತರೆ 0. ಭರವಸೆಯನ್ನು ದಶಮಾಂಶದಲ್ಲಿ ಬರೆಯಿರಿ, ಶೇ. 70 ಎಂದರೆ 0.70. ಎರಡರ ವ್ಯತ್ಯಾಸವನ್ನು ಅದರಿಂದಲೇ ಗುಣಿಸಿ. ಶೇ. 70 ಎಂದು ಹೇಳಿ ಗೆದ್ದರೆ ವ್ಯತ್ಯಾಸ 0.30, ಅಂಕ 0.09. ಸೋತರೆ ವ್ಯತ್ಯಾಸ 0.70, ಅಂಕ 0.49. ಇದು ದಂಡದ ಅಂಕ, ಕಡಿಮೆಯಿದ್ದಷ್ಟೂ ಒಳ್ಳೆಯದು. ಎಲ್ಲ ಪಂದ್ಯಕ್ಕೂ ಶೇ. 50 ಎಂದು ಬರೆದವರಿಗೆ, ಯಾರೇ ಗೆಲ್ಲಲಿ, ಪ್ರತಿಸಲವೂ 0.25 ಬರುತ್ತದೆ. ಆದ್ದರಿಂದ 0.25 ನಾಣ್ಯ ಚಿಮ್ಮಿದವನ ಅಂಕ. ಅದಕ್ಕಿಂತ ಕೆಳಗಿಳಿಯದಿದ್ದರೆ ನಿಮ್ಮ ಅಧ್ಯಯನದಿಂದ ಏನೂ ದಕ್ಕಿಲ್ಲ.

ಒಂದು ಉದಾಹರಣೆ ಹಾಕಿ ನೋಡೋಣ. ಐದು ಪಂದ್ಯ, ಇಬ್ಬರು ಗೆಳತಿಯರು, ಇಬ್ಬರೂ ಆರಿಸಿದ್ದು ಅವೇ ಐದು ಹೆಸರು. ಮೊದಲನೆಯವಳು ಕೊಟ್ಟ ಭರವಸೆ ಕ್ರಮವಾಗಿ 80, 65, 60, 90, 55. ಒಂದು, ಎರಡು, ಐದನೆಯ ಪಂದ್ಯ ಅವಳು ಹೇಳಿದಂತಾದವು; ಮೂರು, ನಾಲ್ಕು ಕೈಕೊಟ್ಟವು. ಅವಳ ದಂಡ 0.04, 0.1225, 0.36, 0.81, 0.2025. ಸರಾಸರಿ 0.307. ಐದರಲ್ಲಿ ಮೂರು ಸರಿ ಎಂದು ಬೀಗಬಹುದಾದ ಅವಳು ನಾಣ್ಯ ಚಿಮ್ಮಿದವನಿಗಿಂತ ಹಿಂದೆ ಬಿದ್ದಳು. ಎರಡನೆಯವಳ ಭರವಸೆ 65, 60, 55, 60, 55. ಅದೇ ಹೆಸರು, ಅದೇ ಫಲಿತಾಂಶ, ಸರಾಸರಿ 0.2295. ಇಬ್ಬರ ನಡುವಿನ ಅಂತರಕ್ಕೆ ಕಾರಣ ನಾಲ್ಕನೆಯ ಪಂದ್ಯ: ಒಬ್ಬಳು ಅದಕ್ಕೆ 90 ಕೊಟ್ಟಿದ್ದಳು, ಇನ್ನೊಬ್ಬಳು 60.

ಈ ಆಟದಲ್ಲಿ 90 ಎನ್ನುವುದು ಭಾರೀ ಮಾತು. ಕೈಗವಸು ತೆಳ್ಳಗಿರುತ್ತದೆ, ಕೈ ಕಾಲು ಮೊಣಕಾಲು ಮೊಣಕೈ ಎಲ್ಲದಕ್ಕೂ ಅವಕಾಶವಿದೆ, ನೆಲಕ್ಕೆ ಬಿದ್ದರೆ ಕತ್ತು ಹಿಸುಕುವ, ತೋಳು ತಿರುಚುವ ಪಟ್ಟುಗಳಿವೆ. ಸೋಲು ಬರಲು ಇರುವ ಬಾಗಿಲು ಬಾಕ್ಸಿಂಗ್‌ಗಿಂತ ಹೆಚ್ಚು. 2007ರ ಏಪ್ರಿಲ್‌ನಲ್ಲಿ ಹ್ಯೂಸ್ಟನ್‌ನಲ್ಲಿ ಮ್ಯಾಟ್ ಸೆರಾ ಮೊದಲ ಸುತ್ತಿನಲ್ಲೇ ಚಾಂಪಿಯನ್ ಜಾರ್ಜ್ ಸೇಂಟ್-ಪಿಯೇರ್ ಅವರನ್ನು ಗುದ್ದಿ ಮಲಗಿಸಿದಾಗ ಇಡೀ ಕ್ರೀಡಾವಲಯ ಬೆಚ್ಚಿಬಿತ್ತು. ಮರುವರ್ಷ ಮಾಂಟ್ರಿಯಲ್‌ನಲ್ಲಿ ಸೇಂಟ್-ಪಿಯೇರ್ ಎರಡನೇ ಸುತ್ತಿನಲ್ಲಿ ಅದಕ್ಕೆ ಉತ್ತರ ಕೊಟ್ಟರು. ಎರಡೂ ಸಲ ಸೇಂಟ್-ಪಿಯೇರ್ ಎಂದೇ ಬರೆದವರು ಒಂದರಲ್ಲಿ ಸೋತು ಒಂದರಲ್ಲಿ ಗೆದ್ದರು. ಅವರ ಅಂಕ ನಿರ್ಧರಿಸಿದ್ದು ಮೊದಲ ಪಂದ್ಯಕ್ಕೆ 95 ಕೊಟ್ಟಿದ್ದರೋ 80 ಕೊಟ್ಟಿದ್ದರೋ ಎಂಬುದು.

ನಾಣ್ಯಕ್ಕಿಂತ ಗಟ್ಟಿಯಾದ ಅಳತೆಗೋಲು ಬೇಕೆಂದರೆ, ವಿದೇಶಗಳಲ್ಲಿ ಪ್ರಕಟವಾಗುವ ಬಾಜಿಯ ದರಗಳನ್ನು ನೋಡಬಹುದು. ಅಲ್ಲಿ ಸಾವಿರಾರು ಜನರ ಅಂದಾಜು ಒಟ್ಟುಗೂಡಿರುತ್ತದೆ. ಒಬ್ಬರಿಗೆ 1.50, ಇನ್ನೊಬ್ಬರಿಗೆ 2.70 ಎಂದು ದರ ಇದೆ ಎಂದುಕೊಳ್ಳಿ. ಒಂದನ್ನು ದರದಿಂದ ಭಾಗಿಸಿದರೆ ಶೇ. 66.7 ಮತ್ತು ಶೇ. 37 ಸಿಗುತ್ತದೆ. ಕೂಡಿದರೆ 103.7. ನೂರರ ಮೇಲಿನದು ನಡೆಸುವವರ ಲಾಭ. ಎರಡನ್ನೂ 103.7ರಿಂದ ಭಾಗಿಸಿ ನೂರಕ್ಕೆ ಇಳಿಸಿದರೆ 64.3 ಮತ್ತು 35.7. ಇದು ಮಾರುಕಟ್ಟೆಯ ಭರವಸೆ. ಅದಕ್ಕೂ ಬ್ರಯರ್ ಅಂಕ ಹಾಕಿ ನಿಮ್ಮದರ ಪಕ್ಕದಲ್ಲಿಡಿ. ಒಂದು ಷರತ್ತು: ನಿಮ್ಮ ಊಹೆ ಬರೆದು ಮುಗಿಯುವ ತನಕ ದರ ನೋಡಬಾರದು. ನೋಡಿದ ಮೇಲೆ ಬರೆದದ್ದು ನಿಮ್ಮ ಊಹೆಯಾಗಿ ಉಳಿಯುವುದಿಲ್ಲ.

ಒಂದು ವಾರದ ಅಂಕಕ್ಕೆ ಹಿಗ್ಗುವುದೂ ಕುಗ್ಗುವುದೂ ಬೇಡ. ದೀರ್ಘಕಾಲದಲ್ಲಿ ನೂರಕ್ಕೆ 65 ಸರಿ ಹೇಳುವ ಸಾಮರ್ಥ್ಯ ಇರುವವರು ಹನ್ನೆರಡು ಪಂದ್ಯದ ಕಾರ್ಡಿನಲ್ಲಿ ಬರೀ ಅದೃಷ್ಟದ ಏರಿಳಿತದಿಂದಲೇ ಐದು ಸರಿ ಹೇಳಬಹುದು, ಹನ್ನೊಂದೂ ಹೇಳಬಹುದು. ನೂರು ಪಂದ್ಯ ಸೇರಿದರೂ ಈ ಏರಿಳಿತ ಎರಡೂ ಕಡೆ ಸುಮಾರು ಒಂಬತ್ತು-ಹತ್ತು ಅಂಕದಷ್ಟು ಇರುತ್ತದೆ. ನೂರು ದಾಟಿದ ಮೇಲೆ ಇನ್ನೊಂದು ಪರೀಕ್ಷೆ ಮಾಡಿ: 60ರ ಆಸುಪಾಸಿನ ಭರವಸೆ ಕೊಟ್ಟ ಪಂದ್ಯಗಳನ್ನೆಲ್ಲ ಒಂದು ಗುಂಪು, 70ರವನ್ನು ಒಂದು, 80ರವನ್ನು ಒಂದು ಮಾಡಿ. 80ರ ಗುಂಪಿನಲ್ಲಿ ನೂರಕ್ಕೆ 65 ಮಾತ್ರ ಗೆದ್ದಿದ್ದರೆ, ಫೈಟರ್‌ಗಳ ಬಗ್ಗೆ ಹೊಸದಾಗಿ ಏನೂ ಕಲಿಯದೆ, ಬರೀ ಭರವಸೆಯನ್ನು ಇಳಿಸಿಯೇ ನಿಮ್ಮ ಲೆಕ್ಕ ಸುಧಾರಿಸುತ್ತದೆ.

ಅಭಿಮಾನದ ಪಂದ್ಯಗಳನ್ನು ಬೇರೆ ಪುಟದಲ್ಲಿಡುವುದು ಒಳ್ಳೆಯದು. ಉತ್ತರಾಖಂಡದ ಅಂಶುಲ್ ಜುಬ್ಲಿ 2023ರ ಫೆಬ್ರವರಿಯಲ್ಲಿ ಯುಎಫ್‌ಸಿ ಸೇರುವ ಟೂರ್ನಿಯಾದ ‘ರೋಡ್ ಟು ಯುಎಫ್‌ಸಿ’ಯ ಲೈಟ್‌ವೇಟ್ ಫೈನಲ್ ಗೆದ್ದಾಗ ನಮ್ಮಲ್ಲಿ ಎಷ್ಟು ಜನ ಎದ್ದು ಕುಣಿದರು! ಅದೇ ಅಕ್ಟೋಬರ್‌ನಲ್ಲಿ ಅಬುಧಾಬಿಯಲ್ಲಿ ಮೈಕ್ ಬ್ರೀಡನ್ ಮೂರನೇ ಸುತ್ತಿನಲ್ಲಿ ಅವರನ್ನು ನಾಕೌಟ್ ಮಾಡಿದರು. 2025ರ ಫೆಬ್ರವರಿಯಲ್ಲಿ ಸಿಡ್ನಿಯಲ್ಲಿ ಕ್ವಿಲನ್ ಸಾಲ್ಕಿಲ್ಡ್ ಎದುರು 19 ಸೆಕೆಂಡಿನಲ್ಲೇ ಸೋತರು. ನಮ್ಮವರು ಗೆಲ್ಲಲಿ ಎಂಬ ಆಸೆ ತಪ್ಪಲ್ಲ, ಅದು ಸಹಜ, ಇರಬೇಕಾದದ್ದೇ. ಆ ಆಸೆ ನಮ್ಮ ಭರವಸೆಯನ್ನು ಶೇಕಡಾ ಎಷ್ಟು ಏರಿಸುತ್ತಿದೆ ಎಂಬುದು ಬೇರೆ ಪುಟ ಇಟ್ಟರೆ ಮಾತ್ರ ಗೊತ್ತಾಗುತ್ತದೆ.

ಕಾರಣದ ಪರೀಕ್ಷೆ

ಪಂದ್ಯ ಮುಗಿದು ಒಂದೆರಡು ದಿನ ಕಳೆದ ಮೇಲೆ, ಫಲಿತಾಂಶದ ಬಿಸಿ ಆರಿದಾಗ, ಪಂದ್ಯವನ್ನು ಇನ್ನೊಮ್ಮೆ ನೋಡಬೇಕು. ಈ ಸಲ ಕಣ್ಣು ನೀವು ಬರೆದ ಕಾರಣದ ಮೇಲಿರಲಿ. ಊಹೆ ಸರಿ, ಕಾರಣವೂ ಸರಿ ಎಂದಾದರೆ ಹೆಚ್ಚು ಹೇಳಬೇಕಾದದ್ದಿಲ್ಲ. ಊಹೆ ಸರಿ, ಕಾರಣ ಸುಳ್ಳು ಎನ್ನುವುದು ಅಪಾಯದ ಜಾಗ, ಏಕೆಂದರೆ ಗೆಲುವು ಆ ಸುಳ್ಳು ಕಾರಣಕ್ಕೆ ಮುದ್ರೆ ಒತ್ತಿ ಕಳಿಸುತ್ತದೆ, ಮುಂದಿನ ಸಲ ಅದನ್ನೇ ಇನ್ನೂ ಗಟ್ಟಿಯಾಗಿ ನಂಬುತ್ತೇವೆ.

ಚಾಂಪಿಯನ್ ಆಗಿದ್ದ ರೊಂಡಾ ರೌಸಿ ಅವರ ವಿಷಯದಲ್ಲಿ ಹೀಗೇ ಆಯಿತು. 2014ರ ಜುಲೈನಲ್ಲಿ ಅಲೆಕ್ಸಿಸ್ ಡೇವಿಸ್ ವಿರುದ್ಧ 16 ಸೆಕೆಂಡು, 2015ರ ಫೆಬ್ರವರಿಯಲ್ಲಿ ಕ್ಯಾಟ್ ಝಿಂಗಾನೊ ವಿರುದ್ಧ 14 ಸೆಕೆಂಡು, ಅದೇ ಆಗಸ್ಟ್‌ನಲ್ಲಿ ಬೆತ್ ಕೊರೇಯಾ ವಿರುದ್ಧ 34 ಸೆಕೆಂಡು. ಮೂರು ಪಟ್ಟದ ಪಂದ್ಯ, ಒಟ್ಟು 64 ಸೆಕೆಂಡು. ‘ರೌಸಿಯನ್ನು ತಡೆಯುವವರಿಲ್ಲ’ ಎಂದು ಬರೆದವರಿಗೆ ಮೂರು ಸಲವೂ ಪೂರ್ತಿ ಅಂಕ ಸಿಕ್ಕಿತು. ಆದರೆ ಆ 64 ಸೆಕೆಂಡಿನಲ್ಲಿ ಏನೇನು ನೋಡಲು ಸಿಕ್ಕಿರಲಿಲ್ಲ ಎಂದು ಕೇಳಿಕೊಳ್ಳಬೇಕಿತ್ತು. ಹಿಂದೆ ಸರಿಯುತ್ತಾ, ಪಕ್ಕಕ್ಕೆ ತಿರುಗುತ್ತಾ, ದೂರದಿಂದಲೇ ಗುದ್ದುವ ಎದುರಾಳಿಯನ್ನು ಹಿಡಿಯಲು ಆಗದಿದ್ದರೆ ರೌಸಿ ಏನು ಮಾಡುತ್ತಾರೆ? ಆ ಪ್ರಶ್ನೆಯನ್ನು ಮೂರು ಗೆಲುವುಗಳೂ ಮುಟ್ಟಿರಲೇ ಇಲ್ಲ. 2015ರ ನವೆಂಬರ್‌ನಲ್ಲಿ ಮೆಲ್ಬರ್ನ್‌ನಲ್ಲಿ 56,000ಕ್ಕೂ ಹೆಚ್ಚು ಪ್ರೇಕ್ಷಕರ ಎದುರು ಹಾಲಿ ಹೋಮ್ ಅದನ್ನು ಕೇಳಿದರು. ಹೋಮ್ ವೃತ್ತಿಪರ ಬಾಕ್ಸಿಂಗ್‌ನಲ್ಲಿ ವಿಶ್ವ ಚಾಂಪಿಯನ್ ಆಗಿದ್ದವರು. ರೌಸಿ ನುಗ್ಗಿದಾಗೆಲ್ಲ ಪಕ್ಕಕ್ಕೆ ಸರಿದು ಎಡಗೈ ಬಿಟ್ಟರು, ಹಿಡಿತಕ್ಕೆ ಸಿಕ್ಕಾಗ ಬಿಡಿಸಿಕೊಂಡರು, ಎರಡನೇ ಸುತ್ತಿನ 59ನೇ ಸೆಕೆಂಡಿನಲ್ಲಿ ಎಡಗಾಲನ್ನು ಕತ್ತಿನ ಬದಿಗೆ ಬೀಸಿ ಮುಗಿಸಿದರು. ಬೇಗ ಮುಗಿದ ಗೆಲುವುಗಳು ಕಣ್ಣು ಕೋರೈಸುತ್ತವೆ, ಮಾಹಿತಿ ಮಾತ್ರ ಕಡಿಮೆ ಕೊಡುತ್ತವೆ. ಹಾಗಾಗಿ ನೋಟ್‌ಬುಕ್ಕಿನಲ್ಲಿ ಫೈಟರ್ ಒಬ್ಬರಿಗೆಂದು ಇಟ್ಟ ಪುಟದಲ್ಲಿ ‘ಇನ್ನೂ ಪರೀಕ್ಷೆಗೆ ಒಳಗಾಗದ್ದು’ ಎಂಬ ಸಾಲು ಇರಲೇಬೇಕು.

ಈಗ ಸಾಲ್ಟ್ ಲೇಕ್ ಸಿಟಿಯ ಪಂದ್ಯವನ್ನು ಹೀಗೆ ಬಿಡಿಸೋಣ. ಉಸ್ಮಾನ್ ಎಂದು ಬರೆದವರ ಕಾರಣ ಹೆಚ್ಚುಕಡಿಮೆ ಒಂದೇ ಆಗಿರುತ್ತಿತ್ತು: ಒತ್ತಡ ಹೇರುತ್ತಾರೆ, ಬಲೆಗೆ ಒತ್ತಿ ಹಿಡಿಯುತ್ತಾರೆ, ಕೆಡವುತ್ತಾರೆ, ಎಡ್ವರ್ಡ್ಸ್ ದಣಿಯುತ್ತಾರೆ. ಎರಡನೇ ಸುತ್ತಿನಿಂದ ನಾಲ್ಕರವರೆಗೆ ನಡೆದದ್ದು ಅದೇ. ಕಾರಣಕ್ಕೆ ಒಳ್ಳೆಯ ಅಂಕ ಕೊಡಬೇಕು. ಆದರೆ ಮೊದಲ ಸುತ್ತನ್ನು ಮತ್ತೆ ನೋಡಿ. ಯುಎಫ್‌ಸಿಯಲ್ಲಿ ಅದುವರೆಗೆ ಯಾರಿಂದಲೂ ಕೆಡವಿಸಿಕೊಳ್ಳದ ಉಸ್ಮಾನ್ ಅವರನ್ನು ಎಡ್ವರ್ಡ್ಸ್ ಕೆಡವಿದರು, ಬೆನ್ನಿಗೆ ಅಂಟಿಕೊಂಡರು. 2015ರಲ್ಲಿ ಇವರಿಬ್ಬರು ಮೊದಲ ಬಾರಿ ಎದುರಾದಾಗ ಅಂಕಗಳ ಮೇಲೆ ಸೋತಿದ್ದ ಎಡ್ವರ್ಡ್ಸ್ ಕುಸ್ತಿಯಲ್ಲಿ ಎಷ್ಟು ಬೆಳೆದಿದ್ದರು ಎಂಬುದು ಆ ಐದು ನಿಮಿಷದಲ್ಲಿ ಬರೆದಂತೆ ಕಾಣುತ್ತದೆ. ‘ಕುಸ್ತಿಯಲ್ಲಿ ಉಸ್ಮಾನ್ ಪೂರ್ತಿ ಮೇಲು’ ಎಂದು ಬರೆದವರು ಅಲ್ಲಿ ಒಂದು ತಿದ್ದುಪಡಿ ಹಾಕಬೇಕು.

ಆ ಕೊನೆಯ ಒದೆಯನ್ನು ನಿಧಾನಗತಿಯಲ್ಲಿ ನೋಡಿದರೆ ‘ಅದೃಷ್ಟದ ಒದೆ’ ಎಂಬ ಮಾತು ನಿಲ್ಲುವುದಿಲ್ಲ. ಎಡ್ವರ್ಡ್ಸ್ ಎಡಗೈ ಬಿಡುವಂತೆ ತೋರಿಸಿದರು; ಉಸ್ಮಾನ್ ಆ ಗುದ್ದಿನಿಂದ ತಪ್ಪಿಸಿಕೊಳ್ಳಲು ತಲೆ ಓರೆ ಮಾಡಿದರು; ತಲೆ ಹೋದ ಜಾಗಕ್ಕೇ ಎಡಗಾಲು ಬಂದಿತ್ತು. ಅಭ್ಯಾಸ ಮಾಡಿ ಕಟ್ಟಿದ ದಾಳಿ ಅದು. ಹಾಗಾದರೆ ಉಸ್ಮಾನ್ ಎಂದವರ ಲೆಕ್ಕ ಹೀಗೆ ಮುಗಿಯಬೇಕು: ಹೆಸರು ತಪ್ಪು, ಕಾರಣ ಬಹುಪಾಲು ಸರಿ, ‘ಸೋತರೆ ಯಾವ ದಾರಿಯಿಂದ’ ಎಂಬ ಸಾಲಿನಲ್ಲಿ ‘ಎಡಗಾಲಿನ ಹೆಡ್ ಕಿಕ್’ ಇದ್ದಿದ್ದರೆ ಅದಕ್ಕೆ ಪೂರ್ತಿ ಅಂಕ. ಎಡ್ವರ್ಡ್ಸ್ ಎಂದವರು ‘ಅಂಕಗಳ ಮೇಲೆ ಆರಾಮವಾಗಿ’ ಎಂದು ಬರೆದಿದ್ದರೆ ಹೆಸರು ಸರಿ, ಕಾರಣ ಬಹುಪಾಲು ತಪ್ಪು. ಆಟ ಅರಿತವರು ಯಾರೆಂಬುದಕ್ಕೆ ಬರೀ ಹೆಸರಿನಿಂದ ಉತ್ತರ ಸಿಗುವುದಿಲ್ಲ. ಮುಂದಿನ ಮಾರ್ಚ್‌ನಲ್ಲಿ ಲಂಡನ್‌ನಲ್ಲಿ ಇವರಿಬ್ಬರು ಮೂರನೇ ಸಲ ಎದುರಾದಾಗ ಎಡ್ವರ್ಡ್ಸ್ ಅಂಕಗಳ ಮೇಲೇ ಗೆದ್ದರು. ಮೊದಲ ಸುತ್ತಿನ ಆ ತಿದ್ದುಪಡಿಯನ್ನು ನೋಟ್‌ಬುಕ್ಕಿನಲ್ಲಿ ಹಾಕಿಕೊಂಡಿದ್ದವರಿಗೆ ಅದು ಅಚ್ಚರಿಯಾಗಿರಲಾರದು.

ಇನ್ನು ಕೆಲವು ಪಂದ್ಯಗಳಿಂದ ಏನೂ ತಿಳಿಯುವುದಿಲ್ಲ, ಅದನ್ನು ಒಪ್ಪಿಕೊಳ್ಳಬೇಕು. 2022ರ ಜುಲೈನಲ್ಲಿ ಲಂಡನ್‌ನಲ್ಲಿ ಟಾಮ್ ಆಸ್ಪಿನಾಲ್ 15ನೇ ಸೆಕೆಂಡಿಗೆ ಮೊಣಕಾಲು ಹಿಡಿದುಕೊಂಡು ಬಿದ್ದರು. ಕರ್ಟಿಸ್ ಬ್ಲೇಡ್ಸ್ ಗೆದ್ದರೆಂದು ದಾಖಲಾಯಿತು. ಬ್ರಯರ್ ಅಂಕ ಹಾಕಲೇಬೇಕು, ಅಲ್ಲಿ ವಿನಾಯಿತಿ ಶುರುವಾದರೆ ಲೆಕ್ಕವೇ ಕೆಡುತ್ತದೆ. ಕಾರಣದ ಜಾಗದಲ್ಲಿ ಮಾತ್ರ ‘ಪರೀಕ್ಷೆ ಆಗಲಿಲ್ಲ’ ಎಂದು ಬರೆದು ಬಿಡಿ. 2024ರ ಜುಲೈನಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಇಬ್ಬರೂ ಮತ್ತೆ ಎದುರಾದರು, ಆಸ್ಪಿನಾಲ್ ಸರಿಯಾಗಿ ಒಂದು ನಿಮಿಷಕ್ಕೆ ಬ್ಲೇಡ್ಸ್‌ರನ್ನು ಮಲಗಿಸಿದರು. ಮೊದಲ ಫಲಿತಾಂಶವನ್ನು ನಂಬಿ ಬ್ಲೇಡ್ಸ್ ಎಂದವರು ಇಲ್ಲದ ಮಾಹಿತಿಯನ್ನು ಇದೆಯೆಂದು ನಂಬಿದ್ದರು.

‘ಅವನು ಇವನನ್ನು ಸೋಲಿಸಿದ, ಇವನು ಮತ್ತೊಬ್ಬನನ್ನು ಸೋಲಿಸಿದ, ಆದ್ದರಿಂದ ಅವನು ಮತ್ತೊಬ್ಬನನ್ನು ಸೋಲಿಸುತ್ತಾನೆ’ ಎಂಬ ತರ್ಕ ಕಾರಣದ ಸಾಲಿನಲ್ಲಿ ಕಂಡರೆ ಕೆಂಪು ಗೀಟು ಹಾಕಿ. ಮಿಡಲ್‌ವೇಟ್‌ನಲ್ಲಿ 2022ರ ಜುಲೈನಲ್ಲಿ ಅಲೆಕ್ಸ್ ಪೆರೇರಾ ಮೊದಲ ಸುತ್ತಿನಲ್ಲೇ ಶಾನ್ ಸ್ಟ್ರಿಕ್‌ಲ್ಯಾಂಡ್‌ರನ್ನು ನಾಕೌಟ್ ಮಾಡಿದರು. 2023ರ ಏಪ್ರಿಲ್‌ನಲ್ಲಿ ಇಸ್ರೇಲ್ ಅಡೆಸಾನ್ಯ ಅದೇ ಪೆರೇರಾರನ್ನು ನಾಕೌಟ್ ಮಾಡಿದರು. ಸರಪಳಿಯ ಪ್ರಕಾರ ಅಡೆಸಾನ್ಯ-ಸ್ಟ್ರಿಕ್‌ಲ್ಯಾಂಡ್ ಪಂದ್ಯ ಒಂದೇ ಕಡೆ ವಾಲಬೇಕು. ಐದು ತಿಂಗಳ ಬಳಿಕ ಸಿಡ್ನಿಯಲ್ಲಿ ಅದು ಒಂದೇ ಕಡೆ ವಾಲಿತು, ಆದರೆ ಸ್ಟ್ರಿಕ್‌ಲ್ಯಾಂಡ್ ಕಡೆಗೆ. ಮೂವರು ತೀರ್ಪುಗಾರರೂ 49–46 ಕೊಟ್ಟರು. ಎದೆ ಎತ್ತಿ ಮುಂದೆ ಮುಂದೆ ನಡೆಯುವ ಸ್ಟ್ರಿಕ್‌ಲ್ಯಾಂಡ್ ಶೈಲಿ ಪೆರೇರಾ ಅವರ ಎಡಗೈಗೆ ಸುಲಭ ಗುರಿಯಾಗಿತ್ತು. ದೂರ ಕಾಯ್ದುಕೊಂಡು ಎದುರಾಳಿಯ ತಪ್ಪಿಗೆ ಕಾಯುವ ಅಡೆಸಾನ್ಯಗೆ ಅದೇ ನಡಿಗೆ ಉಸಿರಾಡಲು ಬಿಡಲಿಲ್ಲ.

ತೀರ್ಪುಗಾರರ ಕೈಗೆ ಹೋದಾಗ

ಅಂಕಗಳ ಮೇಲೆ ಮುಗಿದ ಪಂದ್ಯಗಳನ್ನು ವಿಮರ್ಶಿಸಲು ಅಂಕ ಕೊಡುವ ಬಗೆ ಗೊತ್ತಿರಬೇಕು. ಪ್ರತಿ ಸುತ್ತಿಗೂ ಗೆದ್ದವರಿಗೆ 10, ಸೋತವರಿಗೆ ಸಾಮಾನ್ಯವಾಗಿ 9. ಭಾರೀ ಅಂತರವಿದ್ದರೆ 8. ಮೊದಲು ನೋಡಬೇಕಾದದ್ದು ಪರಿಣಾಮ ಬೀರಿದ ಹೊಡೆತ ಮತ್ತು ಕುಸ್ತಿ. ಅದರಲ್ಲಿ ಇಬ್ಬರೂ ಸಮ ಎನಿಸಿದರೆ ಮಾತ್ರ ಆಕ್ರಮಣಶೀಲತೆ, ಅದೂ ಸಮವಾದರೆ ಅಖಾಡದ ಮೇಲಿನ ಹಿಡಿತ. ಮುಂದೆ ಮುಂದೆ ನಡೆದವರೇ ಗೆದ್ದರು ಎಂದು ಬಹಳ ಜನ ಎಣಿಸುತ್ತಾರೆ, ನಿಯಮ ಹಾಗೆ ಹೇಳುವುದಿಲ್ಲ. ಒಂದೊಂದು ಸುತ್ತೂ ಬೇರೆ ಬೇರೆ ಲೆಕ್ಕವಾದ್ದರಿಂದ ಎರಡು ಸುತ್ತನ್ನು ಕೂದಲೆಳೆಯಲ್ಲಿ ಗೆದ್ದವರು, ಒಂದು ಸುತ್ತಿನಲ್ಲಿ ಚೆನ್ನಾಗಿ ಪೆಟ್ಟು ತಿಂದರೂ, ಮೂರು ಸುತ್ತಿನ ಪಂದ್ಯವನ್ನು 29–28ರಿಂದ ಗೆಲ್ಲುತ್ತಾರೆ.

2013ರ ನವೆಂಬರ್‌ನಲ್ಲಿ ಲಾಸ್ ವೇಗಸ್‌ನಲ್ಲಿ ನಡೆದ ಸೇಂಟ್-ಪಿಯೇರ್ ಮತ್ತು ಜಾನಿ ಹೆಂಡ್ರಿಕ್ಸ್ ಪಂದ್ಯದ ಪಟ್ಟಿ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಎರಡು, ನಾಲ್ಕನೇ ಸುತ್ತು ಹೆಂಡ್ರಿಕ್ಸ್‌ಗೆ, ಮೂರು, ಐದನೇ ಸುತ್ತು ಸೇಂಟ್-ಪಿಯೇರ್‌ಗೆ ಎಂಬುದರಲ್ಲಿ ಮೂವರದೂ ಒಮ್ಮತ. ಮೊದಲ ಸುತ್ತಿನಲ್ಲಿ ಮಾತ್ರ ಇಬ್ಬರು ಒಂದು ಕಡೆ, ಒಬ್ಬರು ಇನ್ನೊಂದು ಕಡೆ. 48–47, 47–48, 48–47. ಪಟ್ಟ ಸೇಂಟ್-ಪಿಯೇರ್ ಬಳಿಯೇ ಉಳಿಯಿತು. ‘ಸೇಂಟ್-ಪಿಯೇರ್ ಶೇ. 80’ ಎಂದು ಬರೆದವರಿಗೆ 0.04ರ ಒಳ್ಳೆಯ ಅಂಕ ದಾಖಲೆಯಲ್ಲಿ ಬೀಳುತ್ತದೆ, ಆದರೆ ಅವರ ಅಂದಾಜು ಅಷ್ಟು ಗಟ್ಟಿಯಾಗಿರಲಿಲ್ಲವೆಂದು ಆ ಪಟ್ಟಿ ಹೇಳುತ್ತದೆ. ಇಂಥ ಫಲಿತಾಂಶದ ಮುಂದೆ ‘ಒಂದು ಸುತ್ತಿನ ಅಂತರ’ ಎಂದು ಬರೆದಿಡಿ. ವರ್ಷದ ಕೊನೆಗೆ ಇಂಥವನ್ನು ಪ್ರತ್ಯೇಕ ಎಣಿಸಿದರೆ, ನಿಮ್ಮ ಸರಿಗಳಲ್ಲಿ ಎಷ್ಟು ಗಟ್ಟಿ, ಎಷ್ಟು ತೆಳು ಎಂದು ಗೊತ್ತಾಗುತ್ತದೆ.

ಉತ್ತರ ಪ್ರದೇಶದ ಮುಜಫ್ಫರ್‌ನಗರದ ಪೂಜಾ ತೋಮರ್ 2024ರ ಜೂನ್ 8ರಂದು ಅಮೆರಿಕದ ಲೂಯಿವಿಲ್‌ನಲ್ಲಿ ಬ್ರೆಜಿಲ್‌ನ ರಯಾನ್ ದೋಸ್ ಸಾಂಟೋಸ್ ವಿರುದ್ಧ ಗೆದ್ದ ಪಂದ್ಯ ಇನ್ನೂ ವಿಶೇಷ. ಒಬ್ಬ ತೀರ್ಪುಗಾರರು ಪೂಜಾಗೆ 30–27 ಕೊಟ್ಟರು, ಅಂದರೆ ಮೂರೂ ಸುತ್ತು ಅವರದೇ. ಇನ್ನೊಬ್ಬರು ಮೂರೂ ಸುತ್ತನ್ನು ಎದುರಾಳಿಗೆ ಕೊಟ್ಟರು. ಮೂರನೆಯವರ 29–28ರಲ್ಲಿ ಪೂಜಾ ಗೆದ್ದರು. ಪೂಜಾ ಬಲವಾದ ಒದೆಗಳನ್ನು ಹಾಕಿದ್ದರು. ದೋಸ್ ಸಾಂಟೋಸ್ ಎಡೆಬಿಡದೆ ಕೈಬೀಸಿದ್ದರು. ಒಂದೊಂದು ಪೆಟ್ಟಿನ ಭಾರಕ್ಕೆ ಬೆಲೆ ಕೊಟ್ಟವರಿಗೂ ಪೆಟ್ಟುಗಳ ಸಂಖ್ಯೆಗೆ ಬೆಲೆ ಕೊಟ್ಟವರಿಗೂ ಅದೇ ಹದಿನೈದು ನಿಮಿಷ ಎರಡು ಪಂದ್ಯವಾಗಿ ಕಂಡಿರಬಹುದು. ಇಂಥ ಪಂದ್ಯ ನೋಡುವಾಗ ವೀಕ್ಷಕ ವಿವರಣೆಯ ಧ್ವನಿ ತೆಗೆದು, ಪ್ರತಿ ಸುತ್ತು ಮುಗಿದ ಒಂದು ನಿಮಿಷದ ವಿರಾಮದಲ್ಲಿ ನಿಮ್ಮದೇ ಅಂಕ ಬರೆಯಿರಿ. ತೀರ್ಪು ಹೇಳುವ ಮುಂಚೆ ಬರೆದು ಮುಗಿದಿರಬೇಕು. ಕೆಲವು ತಿಂಗಳಲ್ಲಿ ನಿಮ್ಮ ಕಣ್ಣು ಯಾವ ಕಡೆ ವಾಲುತ್ತದೆಂದು ಗೊತ್ತಾಗುತ್ತದೆ: ಹೊಡೆತದ ಸದ್ದಿಗೋ, ಕೆಡವಿದ್ದಕ್ಕೋ, ಮುನ್ನುಗ್ಗಿದ್ದಕ್ಕೋ.

ಗೆಲುವು-ಸೋಲಿನ ಚೌಕಟ್ಟಿಗೆ ಬಾರದ ಫಲಿತಾಂಶಗಳೂ ಇವೆ. 2021ರ ಮಾರ್ಚ್‌ನಲ್ಲಿ ಪೀಟರ್ ಯಾನ್ ನಾಲ್ಕನೇ ಸುತ್ತಿನಲ್ಲಿ, ನೆಲದ ಮೇಲಿದ್ದ ಅಲ್ಜಮೈನ್ ಸ್ಟರ್ಲಿಂಗ್ ತಲೆಗೆ ನಿಯಮಬಾಹಿರವಾಗಿ ಮೊಣಕಾಲು ಹಾಕಿ ಅನರ್ಹಗೊಂಡರು. ಪಟ್ಟ ಸ್ಟರ್ಲಿಂಗ್ ಪಾಲಾಯಿತು. ಅದೇ ತಿಂಗಳು ಎಡ್ವರ್ಡ್ಸ್ ಬೆರಳು ಬಿಲಾಲ್ ಮುಹಮ್ಮದ್ ಕಣ್ಣಿಗೆ ತಾಗಿ ಎರಡನೇ ಸುತ್ತಿನಲ್ಲಿ ಪಂದ್ಯ ‘ಫಲಿತಾಂಶವಿಲ್ಲ’ ಎಂದು ನಿಂತಿತು. ಅನರ್ಹತೆಯಿಂದ ಬಂದ ಗೆಲುವು ದಾಖಲೆಯಲ್ಲಿ ಗೆಲುವೇ, ಆದ್ದರಿಂದ ಬ್ರಯರ್ ಅಂಕ ಹಾಕಿ, ಕಾರಣದ ಪರೀಕ್ಷೆಯನ್ನು ಬಿಡಿ. ಫಲಿತಾಂಶವಿಲ್ಲದ ಪಂದ್ಯವನ್ನು ಸರಾಸರಿಯಿಂದ ಪೂರ್ತಿ ಹೊರಗಿಡಿ. ಡ್ರಾ ಆದರೆ ಫಲಿತಾಂಶದ ಜಾಗದಲ್ಲಿ 0.5 ಹಾಕಿ. ಈ ನಿಯಮಗಳನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆದುಕೊಂಡಿರಬೇಕು, ಪಂದ್ಯ ನಡೆದ ಮೇಲೆ ಅನುಕೂಲಕ್ಕೆ ತಕ್ಕಂತೆ ಮಾಡಿಕೊಳ್ಳಬಾರದು.

ಲೆಕ್ಕದ ಪುಟವನ್ನು ಪೆನ್ಸಿಲ್ಲಿನಲ್ಲಿ ಬರೆಯುವುದು ಮೇಲು, ಊಹೆಯ ಪುಟ ಪೆನ್ನಿನಲ್ಲೇ ಇರಲಿ. ಏಕೆಂದರೆ ಫಲಿತಾಂಶ ವಾರಗಟ್ಟಲೆ ಕಳೆದ ಮೇಲೂ ಬದಲಾಗುತ್ತದೆ. 2017ರ ಜುಲೈನಲ್ಲಿ ಜಾನ್ ಜೋನ್ಸ್ ಮೂರನೇ ಸುತ್ತಿನಲ್ಲಿ ಡೇನಿಯಲ್ ಕಾರ್ಮಿಯರ್‌ರನ್ನು ನಾಕೌಟ್ ಮಾಡಿ ಪಟ್ಟ ಪಡೆದರು. ಆಮೇಲೆ ಉದ್ದೀಪನ ಮದ್ದಿನ ಪರೀಕ್ಷೆಯ ವರದಿ ಬಂತು, ಕ್ಯಾಲಿಫೋರ್ನಿಯಾದ ಕ್ರೀಡಾ ಆಯೋಗ ಅದನ್ನು ‘ಫಲಿತಾಂಶವಿಲ್ಲ’ ಎಂದು ತಿದ್ದಿತು, ಪಟ್ಟ ಕಾರ್ಮಿಯರ್‌ಗೆ ಮರಳಿತು. ಇಂಥ ತಿದ್ದುಪಡಿ ಬಂದಾಗ ಆ ಪಂದ್ಯದ ಅಂಕ ತೆಗೆದು, ತಿದ್ದಿದ ದಿನಾಂಕ ಪಕ್ಕದಲ್ಲಿ ಬರೆದು, ಸರಾಸರಿಯನ್ನು ಮತ್ತೆ ಹಾಕಿ.